ತಪ್ಪು ನನ್ನ ಪೆನ್ನಿನದು

ಮಾನ್ಯರೇ,

ನಿಮ್ಮ ಪತ್ರ ಕೈಸೇರಿ ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಸಂಕೋಚವೇ ಕಾರಣ. ಉಳಿದ ಓದುಗರಿಗಾಗಿ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ತೀರಿಕೊಂಡ ನಿಮ್ಮ ತಂದೆಯವರನ್ನು ಕುರಿತ ನೆನಪಿನ ಬರಹವೊಂದು ಕಳೆದ ಸಂಚಿಕೆಯಲ್ಲಿ ಬಂದಿತ್ತು. ಸುತ್ತಲಿನ ಹಳ್ಳಿಗಳ ಹಿಸ್ಸೆ ಜಗಳಗಳನ್ನು ನಲವತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಲು ಬಿಡದೆ ತಮ್ಮ ಮನೆಯ ಜಗುಲಿಯಲ್ಲೇ ಬಗೆಹರಿಸಿದವರು ಅವರು. ಬರಹದಲ್ಲಿ ಅವರನ್ನು ‘ಚಾಣಾಕ್ಷ’ ಎಂದಿತ್ತು. “ನಿಘಂಟು ತೆರೆದರೆ ಜಾಣ, ಬುದ್ಧಿವಂತ, ವಿವೇಕಿ, ಚಾಣಾಕ್ಷ ಎಲ್ಲರೂ ಒಂದೇ ಬೆಂಚಿನಲ್ಲಿ ಕುಳಿತಿದ್ದಾರೆ. ಆದರೂ ಆ ಪದ ಓದಿದಾಗ ಅಪ್ಪ ಯಾರದೋ ಜಮೀನು ಹೊಡೆದುಕೊಂಡವರಂತೆ ಕಂಡರು. ದೋಷ ನನ್ನ ಮನಸ್ಸಿನದೋ, ಪದದ್ದೋ?” ಎಂದು ಕೇಳಿದ್ದೀರಿ.

ದೋಷ ನನ್ನದು. ಲೇಖಕರು ‘ವಿವೇಕಿ’ ಎಂದೇ ಬರೆದು ಕಳಿಸಿದ್ದರು. ಒಂದೇ ಪ್ಯಾರಾದಲ್ಲಿ ಆ ಪದ ಮೂರು ಸಲ ಬಂದಿದೆಯಲ್ಲ ಎಂದು ಮೂರನೆಯದನ್ನು ಹೊಡೆದುಹಾಕಿ, ಅದರ ತಲೆಯ ಮೇಲೆ ‘ಚಾಣಾಕ್ಷ’ ಎಂದು ಬರೆದವನು ನಾನು. ಒಂದು ಪದ ಮತ್ತೆ ಬಂದರೆ ಸಾಕು, ಸಂಪಾದಕರ ಕೈ ಕಡಿಯತೊಡಗುತ್ತದೆ. ಅದು ನಮ್ಮ ವೃತ್ತಿಯ ಹಳೆಯ ಕಾಯಿಲೆ.

ನಿಮ್ಮ ಪತ್ರ ಓದಿದ ಮೇಲೆ ಒಂದು ಸಣ್ಣ ಪರೀಕ್ಷೆ ಹೊಳೆಯಿತು. ಈ ಪದಗಳ ಪಕ್ಕದಲ್ಲಿ ಒಬ್ಬ ಕಳ್ಳನನ್ನು ನಿಲ್ಲಿಸಿ ನೋಡಿ. ‘ಜಾಣ ಕಳ್ಳ’ ಎನ್ನಬಹುದು. ‘ಚಾಣಾಕ್ಷ ಕಳ್ಳ’ ಎಂದರೆ ಇನ್ನೂ ಸಲೀಸು, ಪತ್ರಿಕೆಗಳ ಅಪರಾಧ ಪುಟದಲ್ಲಿ ಅವನು ಆಗಾಗ ಕಾಣಿಸಿಕೊಳ್ಳುತ್ತಾನೆ. ‘ಬುದ್ಧಿವಂತ ಕಳ್ಳ’ನೂ ನಡೆದಾನು. ‘ವಿವೇಕಿ ಕಳ್ಳ’ ಮಾತ್ರ ಬಾಯಿಗೆ ಬರುವುದಿಲ್ಲ. ವಿವೇಕ ಇದ್ದಿದ್ದರೆ ಅವನು ಕದಿಯಲು ಏಕೆ ಹೋಗುತ್ತಿದ್ದ? ಚಾಣಾಕ್ಷತನ ಗುರಿ ಮುಟ್ಟುವ ದಾರಿಯನ್ನಷ್ಟೇ ಬಲ್ಲದು, ಆ ಗುರಿ ಯಾರದು, ಎಂಥದು ಎಂದು ಕೇಳುವ ಗೊಡವೆ ಅದಕ್ಕಿಲ್ಲ. ಹಿಸ್ಸೆ ಹಂಚುವವರನ್ನು ಚಾಣಾಕ್ಷ ಎಂದಾಗ ನಿಮ್ಮ ಕಿವಿ ಹಿಡಿದದ್ದು ಇದನ್ನೇ.

ಬೈಗುಳಗಳನ್ನು ಕೇಳಿದರೂ ಸಾಕು. ಗಣಿತದಲ್ಲಿ ಸೊನ್ನೆ ತಂದ ಹುಡುಗ ದಡ್ಡ. ನೂರಕ್ಕೆ ನೂರು ತಂದು, ಆ ಸಂಭ್ರಮಕ್ಕೆ ತುಂಬಿದ ಹೊಳೆಗೆ ಈಜಲು ಇಳಿದವನು ಅವಿವೇಕಿ. ಅವನನ್ನು ದಡ್ಡ ಎಂದು ಯಾರೂ ಬೈಯುವುದಿಲ್ಲ. ದಡ್ಡನನ್ನು ಕಂಡರೆ ಕನಿಕರ ಬರುತ್ತದೆ, ಅವಿವೇಕಿಯನ್ನು ಕಂಡರೆ ಸಿಟ್ಟು ಬರುತ್ತದೆ. ಜಾಣತನ ಹುಟ್ಟಿನಿಂದ ಬಂದದ್ದು, ಇಲ್ಲದಿದ್ದರೆ ಪಾಪ ಅವನೇನು ಮಾಡಿಯಾನು? ವಿವೇಕದ ವಿಷಯದಲ್ಲಿ ಆ ರಿಯಾಯಿತಿ ಇಲ್ಲ. ಅಷ್ಟೇ ಅಲ್ಲ, ಜಾಣತನಕ್ಕೆ ನಮ್ಮ ಭಾಷೆ ಸ್ವಲ್ಪ ಕಳ್ಳತನವನ್ನೂ ಅಂಟಿಸಿದೆ. ಜಾಣಕುರುಡು, ಜಾಣಕಿವುಡು, ಜಾಣಮರೆವು ಎನ್ನುತ್ತೇವೆ. ಸಾಲ ಪಡೆದವರಲ್ಲಿ ಮೂರನ್ನೂ ಒಟ್ಟಿಗೆ ಕಾಣಬಹುದು.

‘ಬುದ್ಧಿ’ಯ ಕಥೆ ಬೇರೆ. ಸಂಸ್ಕೃತದಲ್ಲಿ ಅದರ ಧಾತುವಿಗೆ ಎಚ್ಚರಗೊಳ್ಳುವುದು ಎಂದು ಅರ್ಥ. ಕನ್ನಡಕ್ಕೆ ಬಂದ ಮೇಲೆ ಅದು ಮಾಡದ ಚಾಕರಿಯಿಲ್ಲ. ಬುದ್ಧಿ ಹೇಳಿದರೆ ಉಪದೇಶ, ಬುದ್ಧಿ ಕಲಿಸಿದರೆ ಪೆಟ್ಟು, ‘ತನ್ನ ಬುದ್ಧಿ ತೋರಿಸಿಬಿಟ್ಟ’ ಎಂದರೆ ಹೀನ ಸ್ವಭಾವ. ಹಳೇ ಮೈಸೂರು ಸೀಮೆಯಲ್ಲಿ ಮಠದ ಸ್ವಾಮಿಗಳ ಮುಂದೆಯೋ ಜಮೀನ್ದಾರರ ಮುಂದೆಯೋ ಕೈಮುಗಿದು ನಿಂತವರು ‘ಆಗಲಿ ಬುದ್ಧಿ’ ಎನ್ನುತ್ತಿದ್ದರು. ಎದುರಿಗೆ ಕುಳಿತ ಮನುಷ್ಯನೇ ಬುದ್ಧಿ! ಇಷ್ಟು ಮನೆ ತಿರುಗಿದ ಪದಕ್ಕೆ ಒಂದೇ ಅರ್ಥ ಕಟ್ಟಲು ನಿಘಂಟಿನವರು ಪಟ್ಟ ಪಾಡು ಅವರಿಗೇ ಗೊತ್ತು.

ವಿವೇಕಕ್ಕೂ ವಿವೇಚನೆಗೂ ವ್ಯತ್ಯಾಸವೇನು ಎಂದೂ ಕೇಳಿದ್ದೀರಿ. ಎರಡರ ಧಾತುವೂ ಒಂದೇ: ಬೇರ್ಪಡಿಸುವುದು, ಕಾಳನ್ನು ಹೊಟ್ಟಿನಿಂದ ಬೇರೆ ಮಾಡುವುದು. ನಮ್ಮ ಮನೆಗಳಲ್ಲಿ ಹೆಂಗಸರು ಮೊರ ಹಿಡಿದು ಕೇರುತ್ತಾರಲ್ಲ, ಅದೇ ಕೆಲಸ. ಕೇರುವ ಕ್ರಿಯೆ ವಿವೇಚನೆ. ಕೇರಿ ಕೇರಿ ಕೈಗೆ ಬಂದ ಹದ ವಿವೇಕ. ಕಾನೂನು ಇದನ್ನು ಚೆನ್ನಾಗಿ ಅರಿತಂತಿದೆ. ಅಧಿಕಾರಿಗಳಿಗೆ, ನ್ಯಾಯಾಧೀಶರಿಗೆ, ರಾಜ್ಯಪಾಲರಿಗೆ ಇರುವುದು ‘ವಿವೇಚನಾಧಿಕಾರ’. ‘ವಿವೇಕಾಧಿಕಾರ’ವನ್ನು ಯಾವ ಕಾಯ್ದೆಯೂ ಕೊಟ್ಟಿಲ್ಲ, ಕೊಡಲು ಬರುವುದೂ ಇಲ್ಲ.

‘ಪ್ರಜ್ಞೆ’ಯನ್ನು ಬೇಗ ಮುಗಿಸುತ್ತೇನೆ. ಸ್ಮೃತಿ ಹಿಂದಿನದನ್ನು, ಮತಿ ಮುಂದಿನದನ್ನು, ಬುದ್ಧಿ ಈ ಗಳಿಗೆಯದನ್ನು ಕಾಣುತ್ತದೆ, ಪ್ರಜ್ಞೆ ಮೂರು ಕಾಲವನ್ನೂ ಕಾಣುತ್ತದೆ ಎಂದು ಹಳೆಯ ಸಂಸ್ಕೃತ ಶ್ಲೋಕವೊಂದು ಹೇಳುತ್ತದೆ. ಅಷ್ಟು ಎತ್ತರದ ಪದವನ್ನು ನಾವು ಮುಖ್ಯವಾಗಿ ಬಿಸಿಲಿಗೆ ತಲೆ ಸುತ್ತಿ ಬಿದ್ದವರಿಗೆ ಬಳಸುತ್ತೇವೆ: ಪ್ರಜ್ಞೆ ತಪ್ಪಿತು, ಪ್ರಜ್ಞೆ ಬಂತು. ಅದರ ಹಳೆಯ ಮರ್ಯಾದೆ ‘ಸಮಯಪ್ರಜ್ಞೆ’ಯಲ್ಲಿ ಸ್ವಲ್ಪ ಉಳಿದಿದೆ.

ಇವೆಲ್ಲ ಸಂಸ್ಕೃತದಿಂದ ಬಂದವು, ಕನ್ನಡದ್ದೇ ಆದದ್ದು ಏನೂ ಇಲ್ಲವೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಇದೆ, ನನಗೆ ಹೆಚ್ಚು ಪ್ರಿಯವಾದವೂ ಅವೇ. ‘ತಿಳಿ’ಯನ್ನು ನೋಡಿ. ತಿಳಿನೀರು, ತಿಳಿಸಾರು, ತಿಳಿಗೊಳ. ಬೇಳೆಕಟ್ಟಿನ ಪಾತ್ರೆಯನ್ನು ಅಲ್ಲಾಡಿಸದೆ ಇಟ್ಟರೆ ಗಸಿ ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುತ್ತದೆ. ಸೌಟು ಹಾಕಿ ಕಲಕಿದರೆ ಹೋಯಿತು. ಕನ್ನಡಿಗರು ಅರ್ಥವಾಗುವುದಕ್ಕೂ ಇದೇ ಪದವನ್ನು ಇಟ್ಟುಕೊಂಡರು. ತಿಳಿವಳಿಕೆ ಎಂದರೆ ಕಲಕದೆ ಕಾದು ಪಡೆದದ್ದು. (ಇದಕ್ಕೆ ಪ್ರಾಸವಾಗುವ ‘ಅರಿವಳಿಕೆ’ಯ ಅರ್ಥ ನೇರ ತಿರುಗುಮುರುಗು: ಅರಿವು ಅಳಿಯುವುದು, ಅಂದರೆ ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಮದ್ದಿನ ಪರಿಣಾಮ. ನಮ್ಮ ಕರಡು ತಿದ್ದುವವರು ಒಮ್ಮೆ ಇವೆರಡನ್ನು ಅದಲುಬದಲು ಮಾಡಿದ್ದರು. ಆ ವಾಕ್ಯವನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.)

ಇನ್ನೂ ಹಿಂದಕ್ಕೆ ಹೋದರೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವಿದೆ. ‘ಕುರಿತೋದದೆಯುಂ’ (ಓದಿ ಕಲಿಯದಿದ್ದರೂ) ಎಂಬ ಮಾತನ್ನು ಎಲ್ಲರೂ ವೇದಿಕೆಯ ಮೇಲೆ ಉದ್ಧರಿಸುತ್ತಾರೆ, ಅದರ ಮುಂಚಿನ ಸಾಲನ್ನು ಮರೆಯುತ್ತಾರೆ. ಈ ನಾಡಿನವರು ‘ಪದನರಿದು ನುಡಿಯಲುಂ ನುಡಿದುದನರಿದಾರಯಲುಂ’ ಬಲ್ಲವರು ಎನ್ನುತ್ತದೆ ಆ ಸಾಲು. ಪದನ್ ಎಂದರೆ ಇಂದಿನ ಹದ. ಹಳಗನ್ನಡದ ಪಕಾರ ಹಕಾರವಾಗಿ ಹೊಲಕ್ಕೂ ಬೆಲ್ಲದ ಪಾಕಕ್ಕೂ ಬಂದು ನಿಂತಿದೆ. ಹದವರಿತು ಆಡುವುದು ಒಂದು ಗುಣ, ಇನ್ನೊಬ್ಬರು ಆಡಿದ್ದನ್ನು ಅರಿತು ‘ಆರಯ್ಯುವುದು’ ಇನ್ನೊಂದು. ಆರಯ್ ಎಂದರೆ ಪರಿಶೀಲಿಸು, ತೂಗಿ ನೋಡು. ಅದೇ ಮುಂದೆ ‘ಆರೈಕೆ’ಯಾಯಿತು. ಒಬ್ಬರ ಮಾತನ್ನು ಪರೀಕ್ಷಿಸಲು ಇದ್ದ ಪದ ಇಂದು ಬಾಣಂತಿಯನ್ನೂ ರೋಗಿಯನ್ನೂ ನೋಡಿಕೊಳ್ಳುವ ಕೆಲಸದಲ್ಲಿದೆ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಒಂದು ಪ್ರಸಂಗ ಬರೆದಿದ್ದೀರಿ. ಅಳತೆ ಟೇಪು ಹಿಡಿದು, ಬದುವಿನ ಮೇಲೆ ಕೈಕೈ ಮಿಲಾಯಿಸಿ, ಹರಿದ ಅಂಗಿಯಲ್ಲೇ ಬಂದ ಅಣ್ಣತಮ್ಮಂದಿರಿಬ್ಬರು. ನಿಮ್ಮ ತಂದೆಯವರು ಇಬ್ಬರ ಮಾತನ್ನೂ ಕೇಳಿ, ಕಾಫಿ ಕೊಡಿಸಿ, ‘ಪೈರು ನಿಂತಿರುವಾಗ ಅಳೆಯುವುದು ಬೇಡ, ಕೊಯ್ಲು ಮುಗಿಯಲಿ, ನಾನೇ ಬರುತ್ತೇನೆ’ ಎಂದು ಕಳಿಸಿದರಂತೆ. ಕೊಯ್ಲಿಗೆ ಇಬ್ಬರೂ ಒಬ್ಬರ ಗದ್ದೆಗೆ ಒಬ್ಬರು ಆಳಾಗಿ ಹೋಗಲೇಬೇಕಿತ್ತು. ಅದು ನಿಮ್ಮ ತಂದೆಯವರಿಗೆ ಗೊತ್ತಿತ್ತು. ಅವರು ಅಳೆಯಲು ಹೋದ ದಿನ ಟೇಪಿನ ಎರಡು ತುದಿಗಳನ್ನು ಹಿಡಿದು ನಿಂತವರು ಆ ಅಣ್ಣತಮ್ಮಂದಿರೇ.

ಇದನ್ನು ಬಹುಶಃ ಯಾರಾದರೂ ಚಾಣಾಕ್ಷತನ ಎಂದಾರು. ನಾನು ಎನ್ನುವುದಿಲ್ಲ. ಆ ಉಪಾಯದಿಂದ ಅವರ ಮನೆಗೆ ಬಂದದ್ದು ಏನೂ ಇಲ್ಲ, ಎರಡು ಲೋಟ ಕಾಫಿ ಖರ್ಚಾಯಿತು.

ತಿದ್ದುಪಡಿ ಈ ಸಂಚಿಕೆಯಲ್ಲೇ ಅಚ್ಚಾಗಿದೆ. ‘ಚಾಣಾಕ್ಷ’ ಇದ್ದಲ್ಲಿ ಲೇಖಕರು ಬರೆದಿದ್ದ ‘ವಿವೇಕಿ’ ಎಂದೇ ಓದಿಕೊಳ್ಳಬೇಕು. ಒಂದೇ ಪ್ಯಾರಾದಲ್ಲಿ ಅದು ಮತ್ತೆ ಮೂರು ಸಲ ಬರುತ್ತದೆ, ಈ ಸಲ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

– ಸಂಪಾದಕ