ಅದು ಗಿಡುಗನ ಮರಿಯಲ್ಲ, ಕಪ್ಪೆಬಾಯಿ ಹಕ್ಕಿ

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದ ಬಿದಿರು ಮೆಳೆಯಲ್ಲಿ, ಆಳೆತ್ತರದ ಕೊಂಬೆ ಮೇಲೆ ಎರಡು ಹಕ್ಕಿಗಳು ದಿನವಿಡೀ ಒತ್ತಿಕೊಂಡು ಕೂತಿರುತ್ತವೆ. ಒಂದು ಬೂದು, ಒಂದು ಕೆಂಗಂದು. ಗಿಡುಗನ ಮರಿಗಳು ಅನ್ನುತ್ತಾರೆ. ಹಗಲಲ್ಲೇ ಕೋಳಿಮರಿಗಳು ಕಾಣೆಯಾಗುತ್ತಿವೆ. ಓಡಿಸಬೇಕೇ?
– ಓದುಗರು, ಶಿರಸಿ ತಾಲೂಕು

ಉತ್ತರ: ದಯವಿಟ್ಟು ಓಡಿಸಬೇಡಿ. ಬಣ್ಣ, ಜೋಡಿ, ಜಾಗ ಮೂರೂ ಕಪ್ಪೆಬಾಯಿ ಹಕ್ಕಿಯವೇ. ಪಕ್ಷಿವೀಕ್ಷಕರು ಶ್ರೀಲಂಕಾ ಫ್ರಾಗ್‌ಮೌತ್ ಅನ್ನುವುದು ಇದನ್ನೇ. ಬೂದು ಗಂಡು, ಕೆಂಗಂದು ಹೆಣ್ಣು. ನಮ್ಮ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ವ್ಯತ್ಯಾಸ ಗೊತ್ತಾಗಲು ಕಾಲು ನೋಡಿ. ನಿಮ್ಮ ಕಡೆಯ ಜುಟ್ಟಿನ ಗಿಡುಗ, ಅಂದರೆ ಕ್ರೆಸ್ಟೆಡ್ ಗಾಸ್‌ಹಾಕ್, 30ರಿಂದ 46 ಸೆಂ.ಮೀ. ಉದ್ದ. ಹಳದಿ ಕಾಲು ದಪ್ಪ, ಉಗುರು ಕೊಕ್ಕೆಯಂತೆ. ಬೇಟೆಯನ್ನು ಅದು ಕಾಲಿನಲ್ಲೇ ಹಿಡಿದು ಹಿಸುಕುತ್ತದೆ. ಕಪ್ಪೆಬಾಯಿ ಗೊರವಂಕದಷ್ಟು, ಸುಮಾರು 23 ಸೆಂ.ಮೀ. ಕಾಲು ಗರಿಗಳಡಿ ಕಾಣುವುದೇ ಇಲ್ಲ. ಕೊಂಬೆ ಹಿಡಿದು ಕೂರುವಷ್ಟೇ ಅದಕ್ಕೆ ಬಲ. ಅಗಲ ಬಾಯಿಯ ಸೀಳು ಕಣ್ಣಿನ ಕೆಳಗಿನವರೆಗೂ ಹೋಗುತ್ತದೆ, ಬುಡದಲ್ಲಿ ಬಿರುಸು ರೋಮ. ರಾತ್ರಿ ಪತಂಗ, ಮಿಡತೆ, ಜೀರುಂಡೆ ತಿನ್ನುವ ಬಾಯಿ ಅದು. ಕೋಳಿಮರಿ ಎತ್ತುವುದು ಅದರಿಂದಾಗದು.

ಹತ್ತಿರ ಹೋದರೂ ಹಾರುವುದಿಲ್ಲ. ಕೊಕ್ಕನ್ನು ಮೆಲ್ಲಗೆ ಮೇಲೆತ್ತಿ, ಕಣ್ಣನ್ನು ಗೀರಿನಷ್ಟೇ ತೆರೆದು, ಮುರಿದ ಒಣಕೊಂಬೆಯ ತುಂಡಿನಂತೆ ಬಿಗಿದು ನಿಲ್ಲುತ್ತದೆ. ಪಳಗಿದೆ ಅಂದುಕೊಳ್ಳಬೇಡಿ, ಹೆದರಿದೆ, ಹಿಂದೆ ಸರಿಯಿರಿ. ಗಿಡುಗನ ಮರಿಗಳಾದರೋ ಬಿಳಿ ತುಪ್ಪುಳ ಹೊತ್ತು, ಎತ್ತರದ ಮರದ ಕಡ್ಡಿಗೂಡಿನಲ್ಲಿರುತ್ತವೆ.

ನನಗೆ ಹೆಚ್ಚು ಆತಂಕ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕಾಲದ್ದು. ಜನವರಿಯಿಂದ ಏಪ್ರಿಲ್‌ವರೆಗೆ ಈ ಹಕ್ಕಿ ಗೂಡು ಕಟ್ಟುತ್ತದೆ. ಪಾಚಿ, ತನ್ನದೇ ತುಪ್ಪುಳ ಸೇರಿಸಿ, ಹೊರಗೆ ಕಲ್ಲುಹೂವು ಹೊದಿಸಿದ ಅಂಗೈಯಗಲದ ಗೂಡು. ಮೊಟ್ಟೆ ಒಂದೇ, ಬಿಳಿಯದು. ಹಗಲು ಕಾವು ಕೂರುವುದು ಗಂಡು. ಅದೆದ್ದರೆ ಬಿಳಿ ಮೊಟ್ಟೆ ಕಾಗೆಯ ಕಣ್ಣಿಗೆ ಬಿತ್ತೆಂದೇ ಲೆಕ್ಕ. ಮೆಳೆಯ ಸುತ್ತ ಇಪ್ಪತ್ತು ಅಡಿ ದರಕು ಗುಡಿಸದೆ ಬಿಡಿ, ಬಳ್ಳಿ ಸವರಬೇಡಿ. ಫೋಟೋಕ್ಕೆ ಫ್ಲ್ಯಾಶ್, ಮೊಬೈಲಿನಲ್ಲಿ ಕೂಗು ಕೇಳಿಸುವುದು ಎರಡೂ ಬೇಡ.

ಇನ್ನು ಕೋಳಿಮರಿ. ಕಿತ್ತ ಗರಿಗಳು ಒಂದೇ ಕಡೆ ರಾಶಿ ಬಿದ್ದಿದ್ದರೆ ಗಿಡುಗನದೇ ಕೆಲಸ. ಗರಿಯೇ ಇಲ್ಲವಾದರೆ ಮುಂಗುಸಿಯನ್ನೂ ಮರೆಯಬೇಡಿ. ಮೊದಲ ಒಂದೂವರೆ ತಿಂಗಳು ಮರಿಗಳನ್ನು ಮೇಲೆ ಬಲೆ ಹೊದಿಸಿದ ಆವರಣದಲ್ಲೇ ಮೇಯಿಸಿ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಜೋತುಬಿದ್ದರೆ ಗಿಡುಗನ ಉಗುರು ಸಿಕ್ಕಿಕೊಂಡು ಅದೂ ಸಾಯುತ್ತದೆ.