ಪೂರ್ತಿ ಮುಚ್ಚಿದ ಬೈಕು ಸಿಗ್ನಲ್‌ನಲ್ಲಿ ಬೀಳದೆ ನಿಲ್ಲುವುದು ಹೇಗೆ?

ಸುತ್ತಲೂ ಕವಚವಿರುವ ಎರಡು ಚಕ್ರದ ವಾಹನದಲ್ಲಿ ಗುರುತ್ವ ಕೇಂದ್ರವನ್ನು ಆದಷ್ಟು ಕೆಳಗಿಟ್ಟರೆ ನಿಧಾನಗತಿಯಲ್ಲಿ ಸಮತೋಲನ ಸಿಗುತ್ತದೆಯೇ, ಇಲ್ಲವೇ ಜೈರೋಸ್ಕೋಪ್ (ವೇಗವಾಗಿ ತಿರುಗುವ ಭಾರದ ಚಕ್ರವಿರುವ ಸಾಧನ) ಬೇಕೇ ಬೇಕೇ ಎಂದು ಕೇಳಿದ್ದೀರಿ. ಕೆಳಗಿಟ್ಟ ಮಾತ್ರಕ್ಕೆ ಸಿಗುವುದಿಲ್ಲ, ಜೈರೋಸ್ಕೋಪ್ ಅನಿವಾರ್ಯವೂ ಅಲ್ಲ.

ಓಡುವ ಬೈಕು ಬೀಳದಿರಲು ಮುಖ್ಯ ಕಾರಣ, ವಾಲಿದ ಕಡೆಗೇ ಹ್ಯಾಂಡಲ್ ತಿರುಗಿ ಚಕ್ರಗಳು ಮತ್ತೆ ಭಾರದ ಅಡಿಗೆ ಬರುವುದು. ಹ್ಯಾಂಡಲನ್ನು ಅಷ್ಟೇ ತಿರುಗಿಸಿ ಹಿಡಿದರೂ, ಅದರಿಂದ ಹುಟ್ಟುವ ಅಡ್ಡಬಲ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಿಗುವುದರ ಹದಿನಾರನೆಯ ಒಂದು ಪಾಲು ಮಾತ್ರ 10 ಕಿ.ಮೀ. ವೇಗದಲ್ಲಿ ಸಿಗುತ್ತದೆ. ಈ ಕೊರತೆಯನ್ನು ಮಾಮೂಲಿ ಸವಾರ ಮೈ ಅತ್ತಿತ್ತ ವಾಲಿಸಿ, ಕೊನೆಗೆ ಕಾಲೂರಿ ತುಂಬಿಕೊಳ್ಳುತ್ತಾನೆ. ಕವಚದೊಳಗೆ ಒರಗಿ ಕೂತವನಿಗೆ ಕಾಲೂರುವ ದಾರಿಯೇ ಇಲ್ಲ. (ಬಿಎಂಡಬ್ಲ್ಯು ಸಿ1 ಸ್ಕೂಟರಿಗೆ ಚಾವಣಿಯಿದ್ದರೂ ಪಕ್ಕಗಳು ತೆರೆದಿದ್ದವು, ಹಾಗಾಗಿ ಅದಕ್ಕೆ ಈ ತೊಡಕಿರಲಿಲ್ಲ.) ಇನ್ನು ಗುರುತ್ವ ಕೇಂದ್ರ ಕೆಳಗಿಳಿದಷ್ಟೂ ವಾಹನ ಬೇಗ ವಾಲುತ್ತದೆ, ಅಂಗೈ ಮೇಲೆ ಉದ್ದ ಕೋಲನ್ನು ನಿಲ್ಲಿಸಬಹುದು, ಪೆನ್ಸಿಲ್ ನಿಲ್ಲಿಸುವುದು ಕಷ್ಟ. ಕೆಳಗಿದ್ದರೆ ಆಗುವ ಲಾಭ ಬೇರೆ: ವಾಲಿದ್ದನ್ನು ಹಿಡಿದು ನಿಲ್ಲಿಸಲು ಕಡಿಮೆ ಬಲ ಸಾಕು.

ಆ ಬಲವನ್ನು ಲೆಕ್ಕ ಹಾಕಿ ನೋಡಿ. 400 ಕೆ.ಜಿ. ತೂಕದ, ಅರ್ಧ ಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರವಿರುವ ವಾಹನ 5 ಡಿಗ್ರಿ ವಾಲಿದರೆ ಸುಮಾರು 170 ನ್ಯೂಟನ್ ಮೀಟರ್ ತಿರುಚುಬಲ ಬೇಕು. ಜೈರೋಸ್ಕೋಪ್ ಅದನ್ನು ಕೊಡಬಲ್ಲದು; 1914ರಲ್ಲೇ ರಷ್ಯಾದ ಶಿಲೋವ್ಸ್ಕಿ ಎಂಬಾತನ ಎರಡು ಚಕ್ರದ ಕಾರು ಲಂಡನ್ನಿನಲ್ಲಿ ಹಾಗೆ ನಿಂತಿತ್ತು. ಆದರೆ ಬಲ ಕೊಡುತ್ತಿರುವಷ್ಟು ಹೊತ್ತೂ ಅದರೊಳಗೆ ತಿರುಗುವ ಚಕ್ರದ (ಫ್ಲೈವೀಲಿನ) ಅಕ್ಷ ಓರೆಯಾಗುತ್ತಾ ಹೋಗುತ್ತದೆ, 90 ಡಿಗ್ರಿ ತಲುಪಿದರೆ ಕೊಡಲು ಏನೂ ಉಳಿದಿರುವುದಿಲ್ಲ. ಒಂದೇ ಕಡೆಯಿಂದ ಬಿಡದೆ ಬೀಸುವ ಗಾಳಿಯೆದುರು ಇದು ದೊಡ್ಡ ದೌರ್ಬಲ್ಯ.

ಸ್ವಿಟ್ಜರ್ಲೆಂಡಿನ ಪೆರಾವೆಸ್ ಕಂಪನಿಯ ಮುಚ್ಚಿದ ಬೈಕು ಇಕೋಮೊಬಿಲ್‌ನಲ್ಲಿರುವಂತೆ, ನಿಲ್ಲುವ ಮುನ್ನ ಕೆಳಗಿಳಿಯುವ ಪಕ್ಕದ ಸಣ್ಣ ಚಕ್ರಗಳೇ ನನ್ನ ಆಯ್ಕೆ. ನಿಂತಾಗ ಅವುಗಳಿಂದ ತೊಂದರೆಯಿಲ್ಲ. ಕಷ್ಟವಿರುವುದು ಅವು ಇಳಿಯುವ ಗಳಿಗೆಯಲ್ಲಿ. ಎರಡು ಚಕ್ರದ ಮೇಲಿದ್ದಾಗ ಎಡಕ್ಕೆ ಹೊರಳಲು ಹ್ಯಾಂಡಲನ್ನು ಕ್ಷಣಕಾಲ ಬಲಕ್ಕೆ ಒತ್ತುತ್ತೇವೆ. ಸಣ್ಣ ಚಕ್ರಗಳು ನೆಲಕ್ಕೆ ಊರಿ ಭಾರ ಹೊತ್ತ ಮೇಲೆ ಅದೇ ಒತ್ತು ವಾಹನವನ್ನು ಬಲಕ್ಕೇ ಒಯ್ಯುತ್ತದೆ. ಆದ್ದರಿಂದ ವೇಗ ಹೆಚ್ಚಿದ್ದಾಗ ಅಥವಾ ವಾಹನ ವಾಲಿದ್ದಾಗ ಅವು ಇಳಿಯದಂತೆ ತಡೆಯಿರಲಿ, ಇಳಿದಿವೆಯೆಂದು ತಿಳಿಸುವ ದೀಪ ಸವಾರನ ಕಣ್ಣೆದುರೇ ಇರಲಿ, ಮತ್ತು ವಿದ್ಯುತ್ ಕೈಕೊಟ್ಟರೂ ಕೈಯಿಂದಲೇ ಇಳಿಸುವ ಸನ್ನೆಗೋಲನ್ನು ಮೊದಲ ನಕ್ಷೆಯಲ್ಲೇ ಸೇರಿಸಿ.