ಹಳೇ ಬ್ರೂಚ್ ಹಿಂದೆ ‘ಟ್ರಿಫಾರಿ’ ಅಂತ ಇದ್ದರೆ ಅದು ಯಾವ ಕಾಲದ್ದು?

ಅತ್ತೆ ಅಮೆರಿಕದಿಂದ ತಂದಿದ್ದ ಬ್ರೂಚ್ (ಬಟ್ಟೆಗೆ ಸಿಕ್ಕಿಸುವ ಪಿನ್ ಒಡವೆ) ಹಿಂದೆ ‘ಟ್ರಿಫಾರಿ’ ಅಂತಿದೆ, ಚಿನ್ನದ್ದಾ, ಎಷ್ಟು ಹಳೇದು ಎಂದು ಕೇಳಿದ್ದೀರಿ. ಚಿನ್ನ ಅಲ್ಲ, ಟ್ರಿಫಾರಿ ಅನ್ನೋದು ಅಮೆರಿಕದ ಇಮಿಟೇಷನ್ ಒಡವೆ ಕಂಪನಿ. ಹಾಗಂತ ಮೂಲೆಗೆ ಎಸೆಯಬೇಡಿ. ಇಂಥ ಹಳೆಯ ಇಮಿಟೇಷನ್ ಒಡವೆಗಳನ್ನು ಕೂಡಿಡುವ ಹುಚ್ಚು ನನಗಿದೆ, ಅದರಲ್ಲಿ ಟ್ರಿಫಾರಿಯದ್ದೇ ಜಾಸ್ತಿ.

ಗುಸ್ತಾವೋ ಟ್ರಿಫಾರಿ ಇಟಲಿಯ ನೇಪಲ್ಸ್‌ನಿಂದ ನ್ಯೂಯಾರ್ಕಿಗೆ ವಲಸೆ ಬಂದವರು. 1910ರ ದಶಕದಲ್ಲಿ ವ್ಯಾಪಾರ ಶುರು ಮಾಡಿದರು. ಆಮೇಲೆ ಲಿಯೋ ಕ್ರುಸ್‌ಮನ್, ಕಾರ್ಲ್ ಫಿಶೆಲ್ ಪಾಲುದಾರರಾದರು. ಆದರೆ ಕಂಪನಿಗೆ ಹೆಸರು ತಂದುಕೊಟ್ಟವರು 1930ರಲ್ಲಿ ಸೇರಿದ ಡಿಸೈನರ್ ಆಲ್ಫ್ರೆಡ್ ಫಿಲಿಪ್. ಅದಕ್ಕೂ ಮೊದಲು ಅವರು ಕಾರ್ಟಿಯರ್, ವ್ಯಾನ್ ಕ್ಲೀಫ್‌ನಂಥ ದೊಡ್ಡ ಮಳಿಗೆಗಳಿಗೆ ಅಸಲಿ ಒಡವೆ ವಿನ್ಯಾಸ ಮಾಡುತ್ತಿದ್ದರು. ಇಲ್ಲಿ ಗಾಜಿನ ಹರಳನ್ನೂ ಅಷ್ಟೇ ನಾಜೂಕಾಗಿ ಕೂರಿಸಿದರು. ಜನ ಅವರ ಕಿರೀಟದ ಆಕಾರದ ಪಿನ್‌ಗಳನ್ನು ಹುಡುಕುತ್ತಾರೆ. ನನಗೆ ಇಷ್ಟವಾಗೋದು ಜೆಲ್ಲಿ ಬೆಲ್ಲಿ: ಮೀನು, ಹುಂಜ, ಹಕ್ಕಿಗಳ ಹೊಟ್ಟೆಗೆ ಗಾಜಿನಂತೆ ಹೊಳೆಯುವ ಲ್ಯೂಸೈಟ್ ಪ್ಲಾಸ್ಟಿಕ್!

ಎರಡನೇ ಮಹಾಯುದ್ಧದಲ್ಲಿ ಒಡವೆಯ ಲೋಹಗಳು ಮದ್ದುಗುಂಡಿನ ಪಾಲಾದವು. ಆಗ ಟ್ರಿಫಾರಿಯವರು ಬೆಳ್ಳಿಯಲ್ಲಿ ಮಾಡಿ ಚಿನ್ನದ ನೀರು ಕೊಡಿಸಿದರು. ಯುದ್ಧದ ಕಷ್ಟಕ್ಕೆ ಇಮಿಟೇಷನ್ ಒಡವೆ ಬೆಳ್ಳಿಯದಾಯಿತು, ವಿಚಿತ್ರ ಅಲ್ವಾ? ಹಿಂದೆ ‘ಸ್ಟರ್ಲಿಂಗ್’ (ಬೆಳ್ಳಿಯ ಗುರುತು) ಅಂತ ಇದ್ದರೆ ಹೆಚ್ಚುಕಮ್ಮಿ ಆ ಕಾಲದ್ದು. 1953ರಲ್ಲಿ ಗಂಡ ಅಮೆರಿಕದ ಅಧ್ಯಕ್ಷರಾದ ಸಂಭ್ರಮದ ಕೂಟಕ್ಕೆ ಮೇಮಿ ಐಸೆನ್‌ಹೋವರ್ ಹಾಕಿಕೊಂಡಿದ್ದು ಟ್ರಿಫಾರಿಯ ನಕಲಿ ಮುತ್ತು. ಇನ್ನು ಮಿಕ್ಕವರಿಗೆ ಯಾಕೆ ಸಂಕೋಚ?

ಈಗ ನಿಮ್ಮ ಬ್ರೂಚ್‌ಗೆ ಬರೋಣ. ಹೆಸರಿನ ಪಕ್ಕ ವೃತ್ತದೊಳಗೆ ‘ಸಿ’ ಅಕ್ಷರ, ಅಂದರೆ ಕಾಪಿರೈಟ್ ಗುರುತು ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ. ಇದರ ಹಿಂದೆ ಒಂದು ಕೋರ್ಟ್ ಕೇಸಿದೆ. ತಮ್ಮ ಡಿಸೈನ್ ಕದ್ದಿದ್ದಾರೆ ಎಂದು ಟ್ರಿಫಾರಿಯವರು ಚಾರೆಲ್ ಎಂಬ ಕಂಪನಿ ಮೇಲೆ ದಾವೆ ಹೂಡಿದರು. ಇಮಿಟೇಷನ್ ಒಡವೆ ಕಲಾಕೃತಿಯೇ ಅಲ್ಲ, ಅದಕ್ಕೆಂಥ ಕಾಪಿರೈಟ್ ಎಂದು ಚಾರೆಲ್ ವಾದಿಸಿತು. 1955ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಆ ಮಾತನ್ನು ಒಪ್ಪಲಿಲ್ಲ. ಅಲ್ಲಿಂದ ಮುಂದೆ ಈ ಗುರುತು ಒತ್ತುವುದು ರೂಢಿಯಾಯಿತು. ನಿಮ್ಮದರಲ್ಲಿ ಅದಿದ್ದರೆ ಸುಮಾರು 1955ರ ಈಚಿನದು ಅಂದುಕೊಳ್ಳಿ. ಇಲ್ಲದಿದ್ದರೆ ಅದಕ್ಕಿಂತ ಹಳೇದಿರಬಹುದು. ಆದರೆ ಅದೊಂದನ್ನೇ ನಂಬಬೇಡಿ, ಪಿನ್ ಮತ್ತು ಹರಳುಗಳ ಫೋಟೋನೂ ಹಾಕಿ.

1975ರಲ್ಲಿ ಹಾಲ್‌ಮಾರ್ಕ್ ಟ್ರಿಫಾರಿ ಕಂಪನಿಯನ್ನು ಕೊಂಡಿತು. ಗ್ರೀಟಿಂಗ್ ಕಾರ್ಡಿನ ಹಾಲ್‌ಮಾರ್ಕ್ ಕಂಪನಿ, ನಮ್ಮ ಚಿನ್ನದ ಮುದ್ರೆ ಅಲ್ಲ! ಮುಂದೆ ಕೈಯಿಂದ ಕೈಗೆ ಹೋಯಿತು. ಆ ಕಾಲದ ಮಾಲನ್ನು ನಾನು ಕೊಳ್ಳೋದಿಲ್ಲ.

ಮತ್ತೆ, ಹೊಳಪು ಬರಲಿ ಅಂತ ಅಂಟುವಾಳದ ನೀರಿನಲ್ಲಿ ನೆನೆಹಾಕಬೇಡಿ. ಹರಳಿನ ಹಿಂದಿನ ಬೇಗಡೆಗೆ ನೀರು ಇಳಿದರೆ ಕಪ್ಪಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.